ನಾಡಿಗೊಂದು ಗಜ, ಕೌದಿಗೊಂದು ಕ್ರಯ

ಸವೆದ ಅರಿವೆಗಳನ್ನು ಒಂದರ ಮೇಲೊಂದು ಹಾಸಿ, ಚೂರಿಗೆ ಚೂರು ಕೂಡಿಸಿ, ಸೂಜಿದಾರದಿಂದ ಹೊಲಿದು ಹೊದಿಕೆ ಮಾಡುವ ವಿದ್ಯೆಯು ನಮ್ಮ ನಾಡಿಗೆ ಹೊಸದಲ್ಲ. ಧಾರವಾಡ, ವಿಜಯಪುರ, ಬಾಗಲಕೋಟೆಗಳ ಕಡೆಗೆ ಇದನ್ನು ಕೌದಿ ಎನ್ನುವರು. ಅಜ್ಜಿಯ ಇಳಕಲ್ಲ ಸೀರೆ, ಅಜ್ಜನ ಧೋತರ, ಕೂಸಿನ ಕುಂಚಿಗೆ, ಮದುವೆಯಲ್ಲಿ ಬಂದು ಮೂಲೆ ಸೇರಿದ ಕುಪ್ಪಸದ ಕಣ — ಮನೆಯೊಳಗೆ ಹರಿದುದು, ಬಣ್ಣಗೆಟ್ಟುದು, ಚಿಕ್ಕದಾದುದು ಎಲ್ಲವೂ ಕಡೆಗೆ ಕೌದಿಯನ್ನೇ ಸೇರುವುದು. ಅದಕ್ಕೆ ಬೇಕಾಗುವ ಬಂಡವಾಳವೆಂದರೆ ಒಂದು ಸೂಜಿ, ಒಂದಿಷ್ಟು ದಾರ, ಮತ್ತು ಬೇಸಗೆಯ ಮಧ್ಯಾಹ್ನಗಳು. ಕೌದಿಗಾಗಿ ಅಂಗಡಿಗೆ ಹೋಗಿ ಹೊಸ ಬಟ್ಟೆ ಹರಿಸಿಕೊಂಡು ಬರುವುದೆಂದರೆ ನಮ್ಮ ಹಿರಿಯರು ನಗುತ್ತಿದ್ದರು.

ಆದರೆ ಇಂಗ್ಲೆಂಡು, ಅಮೆರಿಕ, ಜಪಾನುಗಳಲ್ಲಿ ಇಂದು ನಡೆಯುವುದು ಅದೇ. ಅಲ್ಲಿನ ಹೆಂಗಸರು ಹೊಸ ಹತ್ತಿಬಟ್ಟೆಯನ್ನು ದುಬಾರಿ ಕ್ರಯಕ್ಕೆ ಕೊಂಡು, ಅಳೆದು ಕತ್ತರಿಸಿ ಚೂರುಮಾಡಿ, ಆ ಚೂರುಗಳನ್ನು ಮರಳಿ ಕೂಡಿಸಿ, ಕ್ವಿಲ್ಟು ಎಂಬ ಹೊದಿಕೆಯನ್ನು ಹೊಲಿಯುವರು. ಕೆಲವು ವರ್ಷಗಳ ಅಂತರದಲ್ಲಿ ಈ ಮೂರು ನಾಡುಗಳನ್ನೂ ಕಾಣುವ ಯೋಗ ನಮಗೆ ಒದಗಿತು. ಹೋದಲ್ಲೆಲ್ಲ ಅರಮನೆ, ಗುಡಿ, ವಸ್ತುಸಂಗ್ರಹಾಲಯಗಳ ಜೊತೆಗೆ ಜವಳಿ ಅಂಗಡಿಗಳನ್ನೂ ಹೊಕ್ಕು ಬಂದೆವು. ಜೊತೆಗಿದ್ದ ಗಂಡಸರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು. ನಮಗೆ ಮಾತ್ರ ಎರಡು ಕಾರಣಗಳಿದ್ದುವು. ಪರದೇಶದಲ್ಲಿ ಸಂಸಾರ ಹೂಡಿರುವ ನಮ್ಮ ಹೆಣ್ಣುಮಕ್ಕಳು ಈ ಹವ್ಯಾಸಕ್ಕೆ ಬಿದ್ದು, “ಊರಿನಿಂದ ಇಷ್ಟು ಗಜ ಬಟ್ಟೆ ಕಳಿಸು” ಎಂದು ತಾಯಂದಿರಿಗೆ ಬರೆಯುತ್ತಾರೆ. ಆ ಗಜವು ಯಾವ ಗಜವೆಂಬುದು ಇಲ್ಲಿಯವರಿಗೆ ತಿಳಿಯದು. ಇನ್ನೊಂದು, ನಮ್ಮ ಕಡೆಯ ಕೌದಿಯ ಹೆಂಗಸರು ಈಚೆಗೆ ಪೇಟೆಯವರಿಗೂ ಹೊಲಿದು ಮಾರಹತ್ತಿದ್ದಾರೆ. ಮನೆಯ ಹೊದಿಕೆಗೆ ಎಂದೂ ಬೆಲೆ ಕಟ್ಟದವರು ಮಾರುವ ಹೊದಿಕೆಗೆ ಯಾವ ಲೆಕ್ಕದಿಂದ ಬೆಲೆ ಕಟ್ಟಬೇಕು? ಬೇರೆ ನಾಡಿನವರು ಕಟ್ಟುವ ಬಗೆಯನ್ನು ತಿಳಿದು ಬರಬೇಕೆಂಬ ಆಸೆ ನಮಗಿದ್ದಿತು.

ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ನೆಲ್ಸನನ ಕಂಬವನ್ನೂ ಅದರ ಬುಡದ ಸಿಂಹಗಳನ್ನೂ ನೋಡದೆ ಬರುವವರಿಲ್ಲ. ಅದೇ ಚೌಕದ ಬಡಗಣ ಮಗ್ಗುಲಲ್ಲಿ, ಚಿತ್ರಶಾಲೆಯ ಕೆಳಗೆ, ಅಡಿ, ಎರಡು ಅಡಿ, ಗಜಗಳ ಸರಕಾರೀ ಅಳತೆಗಳನ್ನು ಹಿತ್ತಾಳೆಯಲ್ಲಿ ಹುದುಗಿಸಿರುವುದನ್ನು ಕಾಣುವವರು ವಿರಳ. ೧೮೭೬ರಲ್ಲಿ ಅವನ್ನು ಅಲ್ಲಿರಿಸಿದರು. ಯಾವನಾದರೂ ತನ್ನ ಗಜಕಡ್ಡಿಯನ್ನು ತಂದು ಅದಕ್ಕೆ ಹಚ್ಚಿ ನೋಡಿಕೊಳ್ಳಲಿ ಎಂಬುದೇ ಉದ್ದೇಶ. ಗಜದ ವಿಷಯದಲ್ಲಿ ಈ ಊರಿನವರು ಮೊದಲಿನಿಂದಲೂ ಕಟ್ಟುನಿಟ್ಟು. ಸ್ಮಿತ್‌ಫೀಲ್ಡಿನಲ್ಲಿ ಸಂತ ಬಾರ್ಥಲೋಮ್ಯೂವಿನ ಚರ್ಚಿನ ಪಕ್ಕದ ಕಿರುಬೀದಿಗೆ ಇಂದಿಗೂ ‘ಕ್ಲಾತ್ ಫೇರ್’, ಎಂದರೆ ಬಟ್ಟೆಯ ಜಾತ್ರೆ, ಎಂದೇ ಹೆಸರು. ಆ ಸಂತನ ಹೆಸರಿನ ಜಾತ್ರೆ ೧೮೫೫ರಲ್ಲಿ ನಿಂತುಹೋಯಿತು. ಅದು ನಡೆಯುತ್ತಿದ್ದ ಕಾಲದಲ್ಲಿ ‘ಮರ್ಚೆಂಟ್ ಟೇಲರ್ಸ್’ ಎಂಬ ದರ್ಜಿಗಳ ಸಂಘದವರು ಬೆಳ್ಳಿಯ ಗಜವೊಂದನ್ನು ಹಿಡಿದು ಅಂಗಡಿಯಿಂದ ಅಂಗಡಿಗೆ ಹೋಗಿ ವ್ಯಾಪಾರಿಗಳ ಅಳತೆಗೋಲುಗಳನ್ನು ಪರೀಕ್ಷಿಸುತ್ತಿದ್ದರು. ಆ ಬೆಳ್ಳಿಯ ಗಜವು ಸಂಘದವರ ಬಳಿಯಲ್ಲಿ ಈಗಲೂ ಇದೆ.

ಇಷ್ಟಾದರೂ ಹಿಂದೆ ಅಲ್ಲಿ ಅಳತೆ ಒಂದೇ ಆಗಿರಲಿಲ್ಲ. ಬಟ್ಟೆಗೆ ಗಜವಲ್ಲದೆ ‘ಎಲ್’ ಎಂಬ ಇನ್ನೊಂದು ಮಾನವಿದ್ದಿತು. ಇಂಗ್ಲೆಂಡಿನ ಎಲ್ಲಿಗೆ ೪೫ ಅಂಗುಲ. ಸ್ಕಾಟ್ಲೆಂಡಿನದಕ್ಕೆ ಸುಮಾರು ೩೭. ಕಡಲಿನಾಚೆಯ ಫ್ಲಾಂಡರ್ಸಿನದಕ್ಕೆ ೨೭ ಮಾತ್ರ. ಗಜದ ಹದಿನಾರನೆಯ ಒಂದು ಪಾಲಿಗೆ, ಎಂದರೆ ಎರಡೂಕಾಲು ಅಂಗುಲಕ್ಕೆ, ಅಲ್ಲಿಯ ಜವಳಿಯವರು ‘ನೇಲ್’ ಎನ್ನುತ್ತಿದ್ದರು. ಆ ಮಾತಿಗೆ ಉಗುರು ಎಂದೂ ಮೊಳೆ ಎಂದೂ ಅರ್ಥ. ಇದನ್ನು ಕೇಳಿದಾಗ ನಮಗೆ ನಮ್ಮ ಗಿರೆಯ ನೆನಪಾಯಿತು. ಗಜಕ್ಕೆ ಹದಿನಾರು ಗಿರೆ ಎಂಬ ಲೆಕ್ಕವನ್ನು ನಮ್ಮ ಹಳೆಯ ಸಿಂಪಿಗರು ಇನ್ನೂ ಬಲ್ಲರು. ಏಳು ಕಡಲಿನಾಚೆಯ ಉಗುರೂ ನಮ್ಮ ಗಿರೆಯೂ ಒಂದೇ ಉದ್ದ! ಹದಿನಾರು ಪಾಲು ಮಾಡುವ ಕಾರಣವೂ ಸರಳ: ಬಟ್ಟೆಯನ್ನು ನಾಲ್ಕು ಸಲ ಮಡಿಸಿದರೆ ಸಾಕು, ಕಡ್ಡಿಯೇ ಬೇಡ.

ಬಟ್ಟೆಯ ಕ್ರಯವೇ ಚೂರುಗೆಲಸವನ್ನು ಹುಟ್ಟಿಸಿತೆಂಬುದನ್ನೂ ಇಂಗ್ಲೆಂಡಿನಲ್ಲಿ ಕಾಣಬಹುದು. ಕಂಬ್ರಿಯ ಪ್ರಾಂತದ ಲೆವೆನ್ಸ್ ಹಾಲ್ ಎಂಬ ಹಳೆಯ ಮನೆಯಲ್ಲಿ ೧೭೦೮ರ ಸುಮಾರಿನದೆಂದು ಹೇಳುವ ಹೊದಿಕೆಯೊಂದಿದೆ. ಅದರ ಚೂರುಗಳೆಲ್ಲ ಹಿಂದುಸ್ಥಾನದಿಂದ ಹಡಗಿನಲ್ಲಿ ಹೋದ ಬಣ್ಣದ ಹೂವಿನ ಚೀಟಿನ ಬಟ್ಟೆ. ಒಗೆದರೂ ಬಣ್ಣ ಬಿಡದ ನಮ್ಮ ಬಟ್ಟೆಗೆ ಅಲ್ಲಿ ಎಂಥ ಮೋಹ ಹತ್ತಿತೆಂದರೆ, ಅಲ್ಲಿನ ನೇಕಾರರ ಹೊಟ್ಟೆಯ ಮೇಲೆ ಕಲ್ಲು ಬಿತ್ತೆಂದು ೧೭೦೦ರಲ್ಲಿ ಒಂದು, ೧೭೨೧ರಲ್ಲಿ ಇನ್ನೊಂದು ಕಾಯಿದೆ ಮಾಡಿ ಅದನ್ನು ನಿಷೇಧಿಸಿದರು. ೧೭೭೪ರ ವರೆಗೆ ಆ ನಿಷೇಧವು ಇದ್ದಿತು. ಅಂಥ ಬಟ್ಟೆಯ ಅಂಗೈಯಗಲದ ತುಂಡನ್ನಾದರೂ ಯಾವ ಗೃಹಿಣಿ ಎಸೆದಾಳು? ಕೂಡಿಸಿ ಹೊಲಿದು ಹಾಸಿಗೆಯ ಮೇಲೆ ಮೆರೆಸಿದರು.

ಈಗ ಅಂಗಡಿಯ ಮಾತಿಗೆ ಬರೋಣ. ೧೯೯೫ರ ಬಳಿಕ ಇಂಗ್ಲೆಂಡಿನಲ್ಲಿ ಬಟ್ಟೆಯನ್ನು ಮೀಟರಿನ ಲೆಕ್ಕದಲ್ಲಿಯೇ ಮಾರಬೇಕೆಂದು ಕಾಯಿದೆಯಾಗಿದೆ. ಆದರೆ ಹೊದಿಕೆಯ ನಕ್ಷೆಯ ಪುಸ್ತಕಗಳು ಇಂದಿಗೂ ಅಂಗುಲದಲ್ಲಿಯೇ ಮಾತನಾಡುತ್ತವೆ. ಏಕೆಂದರೆ ಅವುಗಳಲ್ಲಿ ಹೆಚ್ಚಿನವು ಅಮೆರಿಕದಿಂದ ಬಂದುವು. ನಾವು ಕಂಡ ಅಂಗಡಿಯಲ್ಲಿ ಮುದುಕಿಯೊಬ್ಬಳು ಎರಡು ಗಜ ಕೇಳಿದಳು; ಅಂಗಡಿಯಾಕೆ ಚಕಾರವೆತ್ತದೆ ಒಂದು ಮೀಟರು ಎಂಬತ್ತಮೂರು ಸೆಂಟಿಮೀಟರು ಅಳೆದು ಕತ್ತರಿಸಿದಳು. ಬಾಯಲ್ಲಿ ಗಜ, ಕತ್ತರಿಯಲ್ಲಿ ಮೀಟರು! ನಮ್ಮಲ್ಲಿಯೂ ೧೯೫೬ರ ತೂಕ ಅಳತೆಗಳ ಕಾಯಿದೆಯಿಂದ ಮೀಟರು ಬಂದು ಎಷ್ಟು ಕಾಲವಾದರೂ ಹೂ ಮಾರುವವಳ ಮೊಳ ಹೋಗಲಿಲ್ಲವಷ್ಟೆ.

ವಾಚಕಿಯರು ನೆನಪಿಡಲು ಸುಲಭವಾದ ಲೆಕ್ಕವೊಂದನ್ನು ಇಲ್ಲಿ ಹೇಳಿಬಿಡುವೆವು. ೧೯೫೯ರ ಜುಲೈ ೧ರಿಂದ ಅಮೆರಿಕ, ಇಂಗ್ಲೆಂಡು ಮೊದಲಾದ ದೇಶಗಳು ಒಂದಾಗಿ ಗಜವೆಂದರೆ ೯೧.೪೪ ಸೆಂಟಿಮೀಟರೆಂದು ಗೊತ್ತುಮಾಡಿದುವು. ಮೀಟರು ಅದಕ್ಕಿಂತ ಎಂಟೂವರೆ ಸೆಂಟಿಮೀಟರಿನಷ್ಟು, ಎಂದರೆ ೩.೩೭ ಅಂಗುಲ, ಹೆಚ್ಚು. ಗಿರೆಯಲ್ಲಿ ಹೇಳುವುದಾದರೆ ಮೀಟರೆಂಬುದು ಒಂದು ಗಜ ಒಂದೂವರೆ ಗಿರೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಇದನ್ನು ಲೆಕ್ಕಹಾಕಿ ಕಂಡಾಗ ನಮಗಾದ ಸಂತೋಷವು ಸಣ್ಣದಲ್ಲ.

ಆದರೆ ಉದ್ದವೊಂದೇ ತಿಳಿದರೆ ಸಾಲದು. ಈ ಹೊದಿಕೆಯವರಲ್ಲಿ ‘ಫ್ಯಾಟ್ ಕ್ವಾರ್ಟರ್’ ಎಂಬ ತುಂಡಿಗೆ ಬಹಳ ಗಿರಾಕಿ. ಕನ್ನಡದಲ್ಲಿ ‘ದಪ್ಪ ಕಾಲು’ ಎಂದರೆ ಆನೆಕಾಲು ರೋಗದ ನೆನಪಾದೀತು. ಆದುದರಿಂದ ಅವರ ಹೆಸರನ್ನೇ ಇಟ್ಟುಕೊಳ್ಳುವೆವು. ಕಾಲು ಗಜ ಬಟ್ಟೆಯನ್ನು ತಾನಿನಿಂದ ನೇರವಾಗಿ ಕತ್ತರಿಸಿದರೆ ೯ ಅಂಗುಲ ಅಗಲದ, ೪೪ ಅಂಗುಲ ಉದ್ದದ ಪಟ್ಟಿಯಾಗುವುದು. ಅದರಲ್ಲಿ ದೊಡ್ಡ ಹೂವು ಕೂಡದು. ಅದಕ್ಕಾಗಿ ಅರ್ಧ ಗಜ ಕತ್ತರಿಸಿ, ಪನ್ನಾದ ನಟ್ಟನಡುವೆ ಸೀಳಿ, ೧೮ ಅಂಗುಲಕ್ಕೆ ೨೨ ಅಂಗುಲದ ಎರಡು ತುಂಡು ಮಾಡುವರು. ಬಟ್ಟೆ ಅಷ್ಟೇ, ಉಪಯೋಗ ಹೆಚ್ಚು. ಇದು ಅಮೆರಿಕದ ಮಾತಾಯಿತು. ಇಂಗ್ಲೆಂಡಿನಲ್ಲಿ ಅದೇ ಹೆಸರಿನ ತುಂಡು ಅರ್ಧ ಮೀಟರಿನದು: ೫೦ ಸೆಂಟಿಮೀಟರಿಗೆ ೫೫. ಒಂದು ಕಡೆಗೆ ಒಂದೂಮುಕ್ಕಾಲು ಅಂಗುಲ ಹೆಚ್ಚು, ಇನ್ನೊಂದು ಕಡೆಗೆ ಮೂರನೆಯ ಒಂದು ಅಂಗುಲ ಕಡಿಮೆ. ಅಮೆರಿಕದ ನಕ್ಷೆಯು ಇಪ್ಪತ್ತೆರಡು ಅಂಗುಲವನ್ನೂ ಪೂರ್ತಿಯಾಗಿ ಬೇಡಿದರೆ ಇಂಗ್ಲೆಂಡಿನ ತುಂಡಿನಲ್ಲಿ ಅದು ಕೂಡುವುದಿಲ್ಲ.

ಕ್ರಯದಲ್ಲಿಯಂತೂ ಎರಡು ಮೂರು ತೊಡಕುಗಳು ಒಟ್ಟಿಗೆ ಸೇರುವುವು. ನಾವು ಹೋದಾಗ ಲಂಡನ್ನಿನಲ್ಲಿ ಒಳ್ಳೆಯ ಹತ್ತಿಬಟ್ಟೆಯ ಮೇಲೆ ಮೀಟರಿಗೆ ೧೪ ಪೌಂಡೆಂದು ಚೀಟಿ ಅಂಟಿಸಿದ್ದರು. ಅಮೆರಿಕದಲ್ಲಿ ಅದೇ ಬಗೆಯ ಬಟ್ಟೆಗೆ ಗಜಕ್ಕೆ ೧೩ ಡಾಲರು. ಪೌಂಡನ್ನು ಡಾಲರಿಗೆ ತಿರುಗಿಸಿದರೆ ಕೆಲಸ ಮುಗಿಯಲಿಲ್ಲ. ಗಜವನ್ನು ಮೀಟರಿಗೆ ತಿರುಗಿಸಿದಾಗ ಆ ಹದಿಮೂರು ಡಾಲರು ಹದಿನಾಲ್ಕೂಕಾಲರ ಹತ್ತಿರ ಬರುವುದು. ಮೇಲಾಗಿ ಇಂಗ್ಲೆಂಡಿನ ಚೀಟಿಯಲ್ಲಿ ನೂರಕ್ಕೆ ಇಪ್ಪತ್ತರ ತೆರಿಗೆಯು ಅಡಕವಾಗಿಯೇ ಇರುವುದು. ಅಮೆರಿಕದ ಬಹುತೇಕ ಸಂಸ್ಥಾನಗಳಲ್ಲಿ ತೆರಿಗೆಯನ್ನು ಹಣ ಕೊಡುವಾಗ ಮೇಲೆ ಕೂಡಿಸುವರು. ಆಸ್ಟ್ರೇಲಿಯದಲ್ಲಿರುವ ನಮ್ಮ ಬಂಧುಗಳ ಮಗಳು ಅಲ್ಲಿ ಮೀಟರಿಗೆ ೨೮ ಡಾಲರೆಂದು ಬರೆದಾಗ ಮನೆಯವರೆಲ್ಲ ಹೌಹಾರಿದರು. ಅಲ್ಲಿಯ ಡಾಲರು ಅಮೆರಿಕದ್ದಕ್ಕಿಂತ ಕಡಿಮೆ ಬೆಲೆಯದು, ಅಲ್ಲಿಯ ಮೀಟರು ಅಮೆರಿಕದ ಗಜಕ್ಕಿಂತ ಉದ್ದ. ಎರಡನ್ನೂ ಸರಿಪಡಿಸಿದರೆ ಅಂತರವು ಅಷ್ಟು ಭಯಂಕರವಲ್ಲ, ಆದರೂ ಅಂತರವುಂಟು. ಬಟ್ಟೆಯು ಕಡಲು ದಾಟಿ ಬರುವ ಕೂಲಿಯನ್ನು ಕೊಳ್ಳುವವಳೇ ಕೊಡಬೇಕಲ್ಲವೆ?

ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಸೀಮೆಯನ್ನು ನಾವು ಮುಸುಕಿನ ಜೋಳ ಆಳೆತ್ತರಕ್ಕೆ ಬೆಳೆದು ನಿಂತ ಕಾಲದಲ್ಲಿ ಕಂಡೆವು. ದಾರಿಯಲ್ಲಿ ಮೋಟಾರುಗಳ ನಡುವೆಯೇ ಬೂದುಬಣ್ಣದ ಮೇಲ್ಮುಚ್ಚಿನ ಕುದುರೆಗಾಡಿಗಳು ಟಪಟಪನೆ ಓಡುವುವು. ಅವು ಆಮಿಷ್ ಎಂಬ ಪಂಥದವರವು. ಇವರ ಹಿರಿಯರು ಯುರೋಪಿನ ಜರ್ಮನ್ ಮಾತಿನ ಸೀಮೆಗಳಿಂದ ಬಂದವರು. ಇಂದಿಗೂ ಮನೆಯಲ್ಲಿ ಜರ್ಮನಿನ ಒಂದು ಬಗೆಯನ್ನೇ ಆಡುವರು. ಊರಿನ ವಿದ್ಯುತ್ತಿನ ತಂತಿಯನ್ನು ಮನೆಗೆ ತರಿಸಿಕೊಳ್ಳರು. ಅಂಗಳದಿಂದ ಕೊಟ್ಟಿಗೆಯ ಮಾಡಿನವರೆಗೆ ಎತ್ತರಕ್ಕೆ ಕಟ್ಟಿದ ಹಗ್ಗದ ಮೇಲೆ ನೀಲಿ, ಕಪ್ಪು, ನೇರಳೆ ಬಣ್ಣದ ಸಾದಾ ಬಟ್ಟೆಗಳು ಗಾಳಿಗೆ ಹಾರುವುವು, ಹೂಬಳ್ಳಿಯಿಲ್ಲ, ಗೀಟಿಲ್ಲ. ಆ ಸಾದಾ ಬಣ್ಣಗಳನ್ನೇ ಕೂಡಿಸಿ ಅವರ ಹೆಂಗಸರು ಹೊಲಿದ ಹಳೆಯ ಹೊದಿಕೆಗಳು ಈಗ ಚಿತ್ರಶಾಲೆಗಳ ಗೋಡೆಯನ್ನೇರಿವೆ. ೧೯೭೧ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಅಮೆರಿಕದ ಹೊದಿಕೆಗಳನ್ನು ಚಿತ್ರಗಳಂತೆ ಗೋಡೆಗೆ ತೂಗಿ ಪ್ರದರ್ಶಿಸಿದರು. ಪೇಟೆಯವರ ಕಣ್ಣು ತೆರೆದುದು ಆ ಬಳಿಕ. ಹಾಸಿಗೆಯ ಮೇಲಿದ್ದುದಕ್ಕೆ ಹೊದಿಕೆಯ ಬೆಲೆ. ಗೋಡೆಯ ಮೇಲೆ ಹೋದುದಕ್ಕೆ ಚಿತ್ರದ ಬೆಲೆ.

ಹೊದಿಕೆ ಮಾರುವ ಮನೆಯೊಂದರಲ್ಲಿ ನಾವು ಬಹಳ ಹೊತ್ತು ಕುಳಿತೆವು. ಮಂಚದ ಮೇಲೆ ಹೊದಿಕೆಗಳನ್ನು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಹಾಸಿದ್ದರು; ಆ ಮನೆಯ ಹೆಂಗಸು ಒಂದೊಂದನ್ನೇ ಮಗುಚಿ ತೋರಿಸಿದಳು. ಬೆಲೆ ಹೇಗೆ ಕಟ್ಟುವಿರೆಂದು ಕೇಳಿದೆವು. ಬಟ್ಟೆಗೆ ಇಷ್ಟು, ಒಳಗಿನ ಅರಳೆಗೆ ಇಷ್ಟು, ಚೂರು ಕೂಡಿಸಿದವಳಿಗೆ ಇಷ್ಟು; ಇನ್ನು ಮೂರು ಪದರವನ್ನೂ ಸೇರಿಸಿ ಕೈಯಿಂದ ಹೊಲಿಗೆ ಹಾಕಿದವಳಿಗೆ — ಇಲ್ಲಿ ಅವಳು ದಾರದ ರೀಲನ್ನು ಎತ್ತಿ ತೋರಿಸಿದಳು. ಎಷ್ಟು ಗಜ ದಾರ ಖರ್ಚಾಯಿತೋ ಅಷ್ಟು ಗಜಕ್ಕೆ ಕೂಲಿ. ಅರಿವೆಯ ಗಜವು ಎಲ್ಲ ನಾಡಿನಲ್ಲಿಯೂ ಉಂಟು. ಕೈಗೆಲಸವನ್ನು ಗಜದಿಂದ ಅಳೆಯುವುದನ್ನು ನಾವು ಕಂಡುದು ಅಲ್ಲಿಯೇ ಮೊದಲು. ಹೊಲಿಗೆ ಒತ್ತಾಗಿದ್ದರೆ ದಾರ ಹೆಚ್ಚು ಹಿಡಿಯುವುದು, ಕೂಲಿಯೂ ಹೆಚ್ಚುವುದು. ಅರೆಬರೆ ಹೊಲಿದವಳಿಗೆ ಅರೆಬರೆ ಕೂಲಿ. ಗಂಟೆಯ ಲೆಕ್ಕವಾಗಿದ್ದರೆ ನಡುವೆ ಒಲೆಗೆ, ಕೂಸಿಗೆ, ಬಾಗಿಲಿಗೆ ಬಂದವರಿಗೆ ಎದ್ದುಹೋದ ಹೊತ್ತನ್ನು ಕಳೆಯಬೇಕಾಗುತ್ತಿತ್ತು. ದಾರಕ್ಕೆ ಆ ತಕರಾರಿಲ್ಲ.

ಈ ಏರ್ಪಾಟೆಲ್ಲವೂ ಧರ್ಮದ ಕೆಲಸವೆಂದು ನಾವು ಹೇಳುವುದಿಲ್ಲ. ಗಜದ ದರವನ್ನು ಗೊತ್ತುಮಾಡುವವರು ಯಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆಮಿಷ್ ಹೊದಿಕೆಗಳಿಗೆ ಬೇಡಿಕೆ ಹೆಚ್ಚಿದಾಗ, ಲಾವೋಸಿನಿಂದ ಯುದ್ಧದ ಕಾರಣ ನೆಲೆ ತಪ್ಪಿ ಬಂದ ಮೋಂಗ್ ಜನಾಂಗದ ಹೆಂಗಸರು ಅದೇ ಸೀಮೆಯಲ್ಲಿ ಅವಕ್ಕೆ ಹೂವಿನ ತುಂಡುಗಳನ್ನು ಹೊಲಿದು ಕೊಟ್ಟರು. ತಮ್ಮ ನಾಡಿನ ‘ಹೂವಿನ ಬಟ್ಟೆ’ಯ ಕಸೂತಿಯಲ್ಲಿ ಪಳಗಿದ ಕೈಗಳು ಅವು. ಕೊಳ್ಳುವವರು ಮಾತ್ರ ಅದು ಆಮಿಷ್ ಕೈಗೆಲಸವೆಂದೇ ಕೊಂಡರು. ಚೀಟಿಯ ಮೇಲೆ ಬಟ್ಟೆಯ ಗಜ ಬರುವುದು, ಹೊಲಿದವಳ ಹೆಸರು ಬಾರದು.

ಬಟ್ಟೆಯ ಅಗಲವು ಕ್ರಯವನ್ನು ಹೇಗೆ ಏರಿಸುವುದೆಂಬುದನ್ನೂ ಅಲ್ಲಿಯೇ ಕಲಿತೆವು. ಹೊದಿಕೆಯ ಬೆನ್ನಿಗೆ, ಎಂದರೆ ಅಸ್ತರಿಗೆ, ೯೦ ಅಂಗುಲಕ್ಕೆ ೧೦೦ ಅಂಗುಲದ ಬಟ್ಟೆ ಬೇಕೆನ್ನಿರಿ. ಈ ಹತ್ತಿಬಟ್ಟೆಯ ಪನ್ನಾ ಹೆಸರಿಗೆ ೪೪ ಅಂಗುಲ. ಅಂಚು ಕಳೆದರೆ ಕೈಗೆ ದೊರೆಯುವುದು ೪೨. ಎರಡು ಪಟ್ಟಿ ಕೂಡಿಸಿದರೆ ೮೪ ಆಗುವುದು, ಸಾಲದು. ಮೂರು ಪಟ್ಟಿ ಬೇಕು. ತೊಂಬತ್ತು ಅಂಗುಲದ ಮೂರು ಪಟ್ಟಿಗೆ ಏಳೂವರೆ ಗಜ, ಎಂದರೆ ೯೭ ಡಾಲರಿನ ಮೇಲೆ. ಪನ್ನಾ ೬೦ ಅಂಗುಲವಿದ್ದರೆ ಎರಡೇ ಪಟ್ಟಿ, ಐದೇ ಗಜ. ನಮ್ಮ ಮನೆಯ ಹಳೆಯ ಸೀರೆಯನ್ನು ಇದೇ ಲೆಕ್ಕಕ್ಕೆ ಹಿಡಿದು ನೋಡಿದೆವು. ಐದೂವರೆ ಮೀಟರು ಉದ್ದ, ಒಂದೂಕಾಲು ಗಜದಷ್ಟು ಪನ್ನಾ. ನಡುವೆ ಎರಡಾಗಿ ಹರಿದು, ಮಗ್ಗುಲಿಗೆ ಮಗ್ಗುಲು ಕೂಡಿಸಿದರೆ ೧೦೮ ಅಂಗುಲ ಉದ್ದ, ತೊಂಬತ್ತರ ಹತ್ತಿರ ಅಗಲ. ಒಂದೇ ಕೂಡು ಹೊಲಿಗೆ, ಒಂದು ಕಾಸಿನ ಖರ್ಚಿಲ್ಲ! ಸವೆದು ಮೆತ್ತಗಾದ ಬಟ್ಟೆಯಾದುದರಿಂದ ಸೂಜಿಯೂ ಬೆಣ್ಣೆಯಲ್ಲಿ ಹೋದಂತೆ ಹೋಗುವುದು. ಪರದೇಶದ ಮಗಳು ಬಟ್ಟೆ ಬೇಡಿದಾಗ ಹೊಸ ತಾನನ್ನು ಕೊಳ್ಳುವ ಬದಲು ಎರಡು ಹಳೆಯ ನೂಲಿನ ಸೀರೆ ಕಳಿಸುವುದು ಲೇಸೆಂಬುದು ನಮ್ಮ ಅಭಿಪ್ರಾಯ.

ಜಪಾನಿನ ರಾಜಧಾನಿ ಟೋಕಿಯೋದಲ್ಲಿ ನಿಪ್ಪೊರಿ ಎಂಬ ರೈಲು ನಿಲ್ದಾಣದ ಬಳಿ ಬಟ್ಟೆಯ ಬೀದಿಯೊಂದಿದೆ. ಹುಬ್ಬಳ್ಳಿಯ ಜವಳಿ ಸಾಲನ್ನು ಕಂಡವರಿಗೆ ಅದು ಪರದೇಶವೆನಿಸದು. ತಾನುಗಳು ಅಂಗಡಿಯಿಂದ ಹೊರಚೆಲ್ಲಿ ಬೀದಿಯಂಚಿಗೆ ಬಂದು ನಿಂತಿರುವುವು. ಗುಂಡಿ, ದಾರ, ಜರತಾರಿ, ತೊಗಲು ಎಲ್ಲವೂ ಅಲ್ಲಿ ದೊರೆಯುವುವು. ಕೂಗಾಟ ಮಾತ್ರ ಇಲ್ಲ, ಚೌಕಾಸಿಯೂ ಇಲ್ಲ. ಒಂದು ತಾನಿನ ಮೇಲೆ ೧೫೦ ಯೆನ್ ಎಂದಿದ್ದುದನ್ನು ಕಂಡು ನಾವು ಬೆರಗಾದೆವು. ಮಗ್ಗುಲಲ್ಲಿ ಸಣ್ಣ ಅಕ್ಷರದಲ್ಲಿದ್ದುದನ್ನು ಜೊತೆಯವರು ಓದಿ ಹೇಳಿದರು: ಹತ್ತು ಸೆಂಟಿಮೀಟರಿಗೆ. ಮೀಟರಿಗೆ ಸಾವಿರದ ಐನೂರಾಯಿತು. ಹೊದಿಕೆಯವರು ಹಿಡಿಯಷ್ಟು ಹಿಡಿಯಷ್ಟು ಕೊಳ್ಳುವುದರಿಂದ ಅಲ್ಲಿಯ ಹಲವು ಅಂಗಡಿಗಳು ದರವನ್ನೇ ಚೂರುಮಾಡಿಬಿಟ್ಟಿವೆ.

ಆ ನಾಡಿನಲ್ಲಿ ಬಟ್ಟೆಗೆ ಬೇರೆಯೇ ಒಂದು ಅಳತೆಗೋಲಿದ್ದಿತು. ಮನೆ ಕಟ್ಟುವ ಬಡಗಿಯ ಶಾಕುವಿಗೆ ೩೦.೩ ಸೆಂಟಿಮೀಟರು, ಬಟ್ಟೆಯವರ ಶಾಕುವಿಗೆ ೩೭.೯. ಈ ಎರಡನೆಯದಕ್ಕೆ ತಿಮಿಂಗಿಲದ ಶಾಕು ಎಂದು ಹೆಸರು. ತಿಮಿಂಗಿಲದ ಬಾಯೊಳಗಿನ ಬಾಗುವ ಪಟ್ಟಿಯಿಂದ ಅದನ್ನು ಮಾಡುತ್ತಿದ್ದುದೇ ಕಾರಣವೆನ್ನುವರು. ೧೯೫೯ರಿಂದ ವ್ಯಾಪಾರದಲ್ಲಿ ಮೀಟರೊಂದೇ ಸಲ್ಲುವುದೆಂದು ಸರಕಾರವು ವಿಧಿಸಿತು. ಹಳೆಯ ಕೋಲುಗಳನ್ನು ಮಾರುವುದೂ ತಪ್ಪಾಯಿತು. ಕಿಮೊನೊ ಹೊಲಿಯುವವರೂ ಬಡಗಿಗಳೂ ಕಂಗಾಲಾದರು. ೧೯೭೦ರ ದಶಕದಲ್ಲಿ ಎಯಿ ರೊಕುಸುಕೆ ಎಂಬ ಹೆಸರಾಂತ ಗೀತಕಾರರು ಇವರ ಪರವಾಗಿ ಬಹಿರಂಗವಾಗಿ ಚಳವಳಿ ಹೂಡಿದರು. ಕಡೆಗೆ ಸರಕಾರವು ಒಂದು ಜಾಣತನದ ದಾರಿಯನ್ನು ಹುಡುಕಿತು: ಕೋಲಿನ ಮೇಲೆ ಶಾಕು ಎಂದು ಬರೆಯಬೇಡಿರಿ, ಮೀಟರಿನ ಇಷ್ಟನೆಯ ಒಂದು ಪಾಲು ಎಂದು ಬರೆಯಿರಿ! ಹಳೆಯ ಕೋಲು ಹೊಸ ಹೆಸರಿನಲ್ಲಿ ಅಂಗಡಿಗೆ ಮರಳಿತು.

ಜಪಾನಿನ ಹೊದಿಕೆಯ ಪುಸ್ತಕಗಳನ್ನು ತರಿಸಿಕೊಳ್ಳುವವರಿಗೆ ಒಂದು ಎಚ್ಚರಿಕೆಯ ಮಾತು. ಅಮೆರಿಕದವರು ಚೂರಿನ ಸುತ್ತ ಹೊಲಿಗೆಗೆಂದು ಬಿಡುವ ಅಂಚು ಕಾಲು ಅಂಗುಲ, ಎಂದರೆ ೬.೩೫ ಮಿಲಿಮೀಟರು, ಜಪಾನಿನವರು ಬಿಡುವುದು ೭. ಈ ಅಂತರವು ಕಣ್ಣಿಗೆ ಕಾಣದು. ಆದರೆ ಒಂದರ ಅಂಚಿಟ್ಟು ಕತ್ತರಿಸಿ, ಇನ್ನೊಂದರ ಅಂಚಿನಲ್ಲಿ ಹೊಲಿದರೆ ಚೂರೊಂದಕ್ಕೆ ಎರಡು ಮಗ್ಗುಲು ಸೇರಿ ೧.೩ ಮಿಲಿಮೀಟರು ತಪ್ಪುವುದು; ಸಾಲಿಗೆ ಇಪ್ಪತ್ತು ಚೂರಾದರೆ ಒಂದಂಗುಲ ತಪ್ಪಿತು. ಕತ್ತರಿಯೂ ಸೂಜಿಯೂ ಒಂದೇ ದೇಶದವಾಗಿರಬೇಕು.

ಆ ನಾಡಿನ ಬಡಗಣ ತುದಿಯಲ್ಲಿ ಚಳಿಗೆ ಹತ್ತಿ ಬೆಳೆಯದು. ಬಡ ರೈತರು ಸೆಣಬಿನಂಥ ಒರಟು ನಾರಿನ ಬಟ್ಟೆಯಲ್ಲೇ ಕಾಲ ಕಳೆದರು. ತೆಂಕಣ ಪೇಟೆಗಳಿಂದ ಹಡಗಿನಲ್ಲಿ ಬರುವ ಹಳೆಯ ಹತ್ತಿಬಟ್ಟೆಯ ಚಿಂದಿಯೇ ಅವರಿಗೆ ಭಾಗ್ಯ. ಅದನ್ನು ತೇಪೆಯ ಮೇಲೆ ತೇಪೆಯಾಗಿ ತಲೆಮಾರುಗಳವರೆಗೆ ಹೊಲಿದು ಮಾಡಿದ ಹೊದಿಕೆ ಅಂಗಿಗಳಿಗೆ ಬೋರೊ ಎಂದು ಹೆಸರು. ಅವನ್ನು ನೋಡುತ್ತ ನಿಂತಾಗ ಜೊತೆಯವರೊಬ್ಬರು, “ಇದು ನಮ್ಮ ಕೌದಿಯೇ ಸರಿ” ಎಂದರು. ನೀಲಿಯೊಂದೇ ಬಣ್ಣವೆಂಬುದನ್ನು ಬಿಟ್ಟರೆ ಅದು ನಿಜ.

ಅಳತೆಯಿಲ್ಲದೆ ಹೊಲಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಯಲ್ಲಾಪುರ, ಹಳಿಯಾಳಗಳ ಕಾಡಿನೂರುಗಳಲ್ಲಿ ನೆಲೆಸಿರುವ ಸಿದ್ದಿಯರು, ಆಫ್ರಿಕದಿಂದ ಬಂದವರ ವಂಶಜರು, ತಮ್ಮ ಕೌದಿಗೆ ಕವಂದ ಎನ್ನುವರು. ನಕ್ಷೆಯಿಲ್ಲ, ಗಜಕಡ್ಡಿಯಿಲ್ಲ. ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಹೊಲಿಯುತ್ತ, ಸುತ್ತು ಸುತ್ತಾಗಿ ಚೂರುಗಳನ್ನು ಸೇರಿಸುತ್ತ ನಡುವಿಗೆ ಬಂದು ಮುಗಿಸುವರು. ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಿಸಿ ‘ಫುಲ’ ಎಂಬ ಹೂವನ್ನಿಡುವರು. ಅಗಲವೆಷ್ಟೆಂದರೆ ಮಲಗುವವರೆಷ್ಟೋ ಅಷ್ಟು: ಕೂಸಿಗೊಂದು, ಒಬ್ಬರಿಗೊಂದು, ಇಬ್ಬರಿಗೊಂದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅಧ್ಯಾಪಕ ಹೆನ್ರಿ ಡ್ರೂವಲ್ ಮೊದಲಾದವರ ನೆರವಿನಿಂದ ಈ ಶತಮಾನದ ಮೊದಲ ದಶಕದಲ್ಲಿ ಸಿದ್ದಿ ಹೆಂಗಸರ ಸಹಕ���ರ ಸಂಘವೊಂದು ಏರ್ಪಟ್ಟು, ಕವಂದಗಳು ಅಮೆರಿಕವನ್ನೂ ಮುಟ್ಟಿದುವು.

ನಾವು ಊರಿಗೆ ಮರಳಿದ ಮೇಲೆ ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ ಕೌದಿ ಹೊಲಿಯುವ ಹೆಂಗಸೊಬ್ಬಳಿಗೆ ಲ್ಯಾಂಕಾಸ್ಟರಿನ ದಾರದ ಸಂಗತಿಯನ್ನು ಹೇಳಿದೆವು. ಪೇಟೆಯ ವ್ಯಾಪಾರಿಯೊಬ್ಬನು ಕೌದಿಗೆ ೬೦೦ ರೂಪಾಯಿ ಕೊಡುವೆನೆಂದಿದ್ದನು. “ಬಟ್ಟಿಗೆ ರೊಕ್ಕ ಇಲ್ಲ ಬಿಡ್ರಿ ಅಕ್ಕಾರ, ಮನೀದ ಐತಿ. ಕೈಗೆ ಎಷ್ಟ ಹಿಡೀಬೇಕ ಅನ್ನೂದ ತಿಳೀವಲ್ದು” ಎಂದಳು. ಅವಳ ಮುಂದಿದ್ದ ಕೌದಿ ಐದು ಅಡಿ ಅಗಲ, ಏಳು ಅಡಿ ಉದ್ದ. ಅರ್ಧ ಅಂಗುಲಕ್ಕೊಂದು ಹೊಲಿಗೆಯ ಸಾಲು. ಅಗಲಕ್ಕೆ ನೂರಿಪ್ಪತ್ತು ಸಾಲು. ಸಾಲಿಗೆ ಏಳು ಅಡಿಯಂತೆ ಎಂಟುನೂರ ನಲವತ್ತು ಅಡಿ, ಎಂದರೆ ೨೮೦ ಗಜ. ಪದರಗಳ ದಪ್ಪದಲ್ಲಿ ಏರಿಳಿದ ದಾರ ಬೇರೆ. ಅವಳು ಹೊಲಿಗೆ ನಿಲ್ಲಿಸಿ ನಮ್ಮನ್ನು ನೋಡಿದಳು. “ಅಂದ್ರ ನಮ್ಮ ಮನಿಯಿಂದ ಬಾವೀತನಕ ಆತು ನೋಡ್ರಿ. ಅಷ್ಟ ದೂರ ಸೂಜೀ ಹಿಡಕೊಂಡ ಹೋಗೇನಿ ನಾನು.”

ಗಜಕ್ಕೆ ಮೂರು ರೂಪಾಯಿ ಹಿಡಿದರೆ ಎಂಟುನೂರ ನಲವತ್ತಾಗುವುದೆಂದು ನಾವು ಹೇಳಿದೆವು. ಇಪ್ಪತ್ತು ಮಧ್ಯಾಹ್ನದ ಕೆಲಸ; ದಿನಕ್ಕೆ ನಲವತ್ತೆರಡು ಬಿತ್ತು. ಅವಳ ಸೊಸೆ ಒಳಗಿನಿಂದಲೇ, “ಕಳೀ ತಗಿಯೂ ಕೂಲಿ ಅದಕಿಂತ ಜಾಸ್ತಿ ಐತಿ ಅತ್ತಿ, ಐದ ಹಿಡೀರಿ” ಎಂದಳು. ಅತ್ತೆ ಸೊಸೆಯರಲ್ಲಿ ಸ್ವಲ್ಪ ಹೊತ್ತು ಮಾತಾಯಿತು. ವ್ಯಾಪಾರಿ ಬಿಟ್ಟುಹೋದರೆ ಗತಿಯೇನೆಂದು ಒಬ್ಬಳು, ಹೋದರೆ ಹೊದ್ದುಕೊಳ್ಳುವೆವೆಂದು ಇನ್ನೊಬ್ಬಳು. ಶಾಲೆಯಿಂದ ಬಂದ ಮೊಮ್ಮಗನು ಸುಣ್ಣದ ಕಡ್ಡಿಯಿಂದ ಬಾಗಿಲ ಮೇಲೆ ದೊಡ್ಡದಾಗಿ ಬರೆದನು: ೨೮೦ ಗಜ, ಗಜಕ್ಕೆ ೫, ಒಟ್ಟು ೧,೪೦೦. ವ್ಯಾಪಾರಿಯ ಗಾಡಿ ಗುರುವಾರ ಬರುವುದಿದ್ದಿತು. ಅಲ್ಲಿಯವರೆಗೆ ಬಾಗಿಲು ಒರೆಸಬಾರದೆಂದು ಅವಳು ಎಲ್ಲರಿಗೂ ಹೇಳಿ, ಸೂಜಿಗೆ ಮತ್ತೆ ದಾರ ಪೋಣಿಸಿದಳು.